ಒಂದೇ ಕೇಬಲಿಗೆ ಮೂವರು ಬಾಡಿಗೆದಾರರು

1990ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಅನೇಕ ಮನೆಗಳ ಮೇಲೆ ಎರಡು ಸಲಕರಣೆಗಳು ಜೊತೆಯಾಗಿ ಕಾಣುತ್ತಿದ್ದವು. ಚಿಮಣಿಗೆ ಕಟ್ಟಿದ, ಮೀನಿನ ಮುಳ್ಳಿನಂಥ ಹಳೆಯ ಆಂಟೆನಾ ಒಂದು. ಗೋಡೆಗೆ ಅಂಟಿಕೊಂಡ ಡಿಷ್ ಇನ್ನೊಂದು. ಬಿಬಿಸಿ, ಐಟಿವಿ ಮುಂತಾದವು ಆಂಟೆನಾದ ಪಾಲು. 1998ರ ಅಕ್ಟೋಬರ್‌ನಲ್ಲಿ ಸ್ಕೈ ಸಂಸ್ಥೆ ಆರಂಭಿಸಿದ ಡಿಜಿಟಲ್ ಪ್ರಸಾರ ಡಿಷ್‌ನ ಪಾಲು. ಡಿಜಿಟಲ್ ಪೆಟ್ಟಿಗೆ ಇರುತ್ತಿದ್ದುದು ಕೆಳಗಿನ ಹಾಲ್‌ನಲ್ಲಿ. ಮಹಡಿಯ ಕೋಣೆಯಲ್ಲಿ ಮಲಗಿದ ಹಿರಿಯರಿಗೂ ಅದೇ ಚಾನೆಲ್ ಬೇಕು, ಅದನ್ನು ಬದಲಿಸುವ ಅಧಿಕಾರವೂ ಬೇಕು. ಇಷ್ಟಕ್ಕೆಲ್ಲ ಗೋಡೆಗೆ ಎಷ್ಟು ತೂತು ಕೊರೆಯುವುದು?

ಉತ್ತರ ಸಿಕ್ಕಿದ್ದು ಹಳೆಯ ಏಕಾಕ್ಷ ಕೇಬಲಿನಲ್ಲೇ. ನಡುವೆ ತಾಮ್ರದ ತಂತಿ, ಸುತ್ತ ನಿರೋಧಕ ಪದರ, ಅದರ ಮೇಲೆ ಲೋಹದ ಹೆಣಿಗೆ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಬೇರೆ ಬೇರೆ ಕಂಪನಾಂಕದ ಸಂಕೇತಗಳನ್ನು ಒಂದಕ್ಕೊಂದು ತಾಗದಂತೆ ಒಟ್ಟಿಗೆ ಒಯ್ಯುವುದು ಇದರ ಗುಣ.

ಆಂಟೆನಾದ ಸಂಕೇತ ಆಗ ಸುಮಾರು 470ರಿಂದ 860 ಮೆಗಾಹರ್ಟ್ಸ್‌ವರೆಗಿನದಾಗಿತ್ತು. ಉಪಗ್ರಹದಿಂದ ಬರುವುದು 10ರಿಂದ 13 ಗಿಗಾಹರ್ಟ್ಸ್ ನಡುವಿನದು. ಇಷ್ಟು ಎತ್ತರದ ಕಂಪನಾಂಕ ಮನೆಯ ಕೇಬಲಿನಲ್ಲಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಸೊರಗಿಹೋಗುತ್ತದೆ. ಆದ್ದರಿಂದ ಡಿಷ್‌ನ ಮೂತಿಯಲ್ಲಿರುವ ಎಲ್‌ಎನ್‌ಬಿ ಅದನ್ನು 950ರಿಂದ 2150 ಮೆಗಾಹರ್ಟ್ಸ್‌ಗೆ ಇಳಿಸಿ ಕಳಿಸುತ್ತದೆ. ನಮ್ಮಲ್ಲಿ ಡಿಟಿಎಚ್ ಹಾಕಿಸಿಕೊಂಡ ಮನೆಗಳ ಕೇಬಲಿನಲ್ಲಿ ಓಡುವುದೂ ಇದೇ. ಎರಡೂ ಸಂಕೇತಗಳ ನಡುವೆ ಹೀಗೆ ಬಯಲು ಉಳಿಯುವುದರಿಂದ ಡಿಪ್ಲೆಕ್ಸರ್ ಎಂಬ ಬೆಂಕಿಪೊಟ್ಟಣದಷ್ಟು ಗಾತ್ರದ ಪೆಟ್ಟಿಗೆ ಅವನ್ನು ಮಾಡಿನ ಬಳಿ ಒಂದುಗೂಡಿಸಬಲ್ಲುದು. ಕೆಳಗೆ ಗೋಡೆಯ ಬಳಿ ಅಂಥದೇ ಇನ್ನೊಂದು ಅವನ್ನು ಬೇರ್ಪಡಿಸುತ್ತದೆ.

ಎಡವಟ್ಟಾಗುವುದು ಸಂಕೇತದಲ್ಲಲ್ಲ, ವಿದ್ಯುತ್ತಿನಲ್ಲಿ. ಎಲ್‌ಎನ್‌ಬಿಗೆ ಬೇಕಾದ 13 ಅಥವಾ 18 ವೋಲ್ಟ್‌ಗಳನ್ನು ಪೆಟ್ಟಿಗೆಯು ಅದೇ ಕೇಬಲಿನ ಮೂಲಕ ಮೇಲಕ್ಕೆ ಕಳಿಸುತ್ತದೆ. ಆ ವೋಲ್ಟೇಜೇ ಒಂದು ಆಜ್ಞೆ: ಇಷ್ಟಿದ್ದರೆ ಲಂಬ ತರಂಗ, ಅಷ್ಟಿದ್ದರೆ ಅಡ್ಡ ತರಂಗ. ಮೇಲಿನ ಪಟ್ಟಿಯನ್ನು ಆರಿಸಲು 22 ಕಿಲೋಹರ್ಟ್ಸ್‌ನ ಸಣ್ಣ ದನಿ ಬೇರೆ. ಆಂಟೆನಾದ ಕಡೆಗೂ ಈ ವಿದ್ಯುತ್ ನುಗ್ಗಿದರೆ, ಹಲವು ಆಂಟೆನಾಗಳಲ್ಲಿ ಅದು ನೇರ ಷಾರ್ಟ್ ಆಗುತ್ತದೆ. ಡಿಪ್ಲೆಕ್ಸರಿನ ಬದಲು ಅಗ್ಗದ ಸ್ಪ್ಲಿಟರ್ ಹಾಕಿ ಕೈ ತೊಳೆದುಕೊಂಡರೆ ಕಾದಿರುವ ಅಪಾಯ ಇದೇ.

ಮೂರನೆಯ ಬಾಡಿಗೆದಾರ ಹಿಮ್ಮುಖ ಪ್ರಯಾಣಿಕ. ರಿಮೋಟ್ ಸೂಸುವ ಅವಗೆಂಪು ಬೆಳಕು ಗೋಡೆ ದಾಟುವುದಿಲ್ಲ. ಮಹಡಿಯ ಟಿವಿಯ ಬಳಿ ಅಂಟಿಸಿದ ಪುಟ್ಟ ‘ಕಣ್ಣು’ ಆ ಮಿನುಗನ್ನು ಗ್ರಹಿಸಿ, ಟಿವಿ ಸಂಕೇತಗಳಿಗಿಂತ ಬಹಳ ಕೆಳಗಿನ ಕಂಪನಾಂಕಕ್ಕೆ ಏರಿಸಿ, ಚಿತ್ರ ಹತ್ತಿಬಂದ ಕೇಬಲಿನಲ್ಲೇ ಕೆಳಗಿನ ಪೆಟ್ಟಿಗೆಗೆ ಇಳಿಸುತ್ತಿತ್ತು. ಕಣ್ಣಿಗೆ ಬೇಕಾದ 9 ವೋಲ್ಟ್ ಕೂಡ ಪೆಟ್ಟಿಗೆಯಿಂದಲೇ. ನಡುವೆ ಸಾಮಾನ್ಯ ಆಂಪ್ಲಿಫೈಯರ್ ಇದ್ದರೆ ಕತೆ ಮುಗಿಯಿತು. ಅದು ಏಕಮುಖ ರಸ್ತೆ, ಆಜ್ಞೆ ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೆಂದೇ ಹಿಮ್ಮುಖ ದಾರಿಯಿರುವ ಆಂಪ್ಲಿಫೈಯರ್‌ಗಳು ಬಂದವು.

ಆದರೆ ಪೆಟ್ಟಿಗೆ ಒಂದೇ ಆದ್ದರಿಂದ ಅದರಲ್ಲಿ ಬರುವ ಚಾನೆಲೂ ಒಂದೇ. ಮಹಡಿಯಲ್ಲಿ ಧಾರಾವಾಹಿಗೆ ಗುಂಡಿ ಒತ್ತಿದರೆ ಹಾಲ್‌ನಲ್ಲಿ ಫುಟ್‌ಬಾಲ್ ಮಾಯ! ಇದಕ್ಕೆ ಯಾವ ಡಿಪ್ಲೆಕ್ಸರೂ ಪರಿಹಾರವಾಗಿರಲಿಲ್ಲ.

2012ರಲ್ಲಿ ಬ್ರಿಟನ್ನಿನ ಅನಲಾಗ್ ಪ್ರಸಾರ ನಿಂತಿತು. ಚಿಮಣಿಯ ಆಂಟೆನಾ ಡಿಜಿಟಲ್ ಪ್ರಸಾರಕ್ಕೆ ಹೊಂದಿಕೊಂಡು ಉಳಿದುಕೊಂಡಿತು. ಕೇಬಲಿನೊಳಗಿನ ಸಹಬಾಳ್ವೆಗೆ ಪೆಟ್ಟು ಬಿದ್ದಿದ್ದು 2016ರಲ್ಲಿ, ಸ್ಕೈ ಕ್ಯೂ ಬಂದಾಗ. ಅದರ ಹೊಸ ಎಲ್‌ಎನ್‌ಬಿ 290ರಿಂದ 2340 ಮೆಗಾಹರ್ಟ್ಸ್‌ವರೆಗಿನ ಜಾಗವನ್ನೆಲ್ಲ ತಾನೇ ಆಕ್ರಮಿಸುತ್ತದೆ. ಆಂಟೆನಾದ 470ಕ್ಕೆ ಅಲ್ಲಿ ಎಡೆಯೇ ಇಲ್ಲ. ಮಹಡಿಯ ಟಿವಿಗೆ ಈಗ ನಿಸ್ತಂತು ಪೆಟ್ಟಿಗೆ; ಅದರ ರಿಮೋಟ್ ಅದಕ್ಕೇ, ಚಾನೆಲೂ ಅದರದೇ. ಆಂಟೆನಾ ಬೇಕೆನ್ನುವವರು ಅದಕ್ಕೆ ಪ್ರತ್ಯೇಕ ಕೇಬಲ್ ಎಳೆಸಬೇಕು.