ಚಳಿಗಾಲದಲ್ಲಿ ಹಿತ್ತಲ ಕೋಳಿಗಳ ಪಾಲನೆ

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬೀದರ್, ವಿಜಯಪುರ ಜಿಲ್ಲೆಗಳ ಬಯಲು ಊರುಗಳಲ್ಲಿ ರಾತ್ರಿಯ ಉಷ್ಣತೆಯು 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವುದುಂಟು. ಈ ದಿನಗಳಲ್ಲಿ ಹಿತ್ತಲಿನ ಕೋಳಿಗಳು ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ. ಕೋಳಿಗೆ ದೃಷ್ಟಿ ತಾಗಿತೆಂದೋ ಮುಪ್ಪು ಬಂದಿತೆಂದೋ ತಿಳಿದು ಅದನ್ನು ಸಂತೆಗೆ ಒಯ್ಯುವವರಿದ್ದಾರೆ. ಅವಸರಪಡಬೇಡಿರಿ. ಹೇಂಟೆಯು ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ ಸುಮಾರು 14 ಗಂಟೆಗಳ ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮ ಹಗಲು ಸುಮಾರು 11 ಗಂಟೆ ಮಾತ್ರ. ಹಗಲು ಬೆಳೆದಂತೆ ಮೊಟ್ಟೆಗಳೂ ಹೆಚ್ಚುತ್ತವೆ.

ಅಲ್ಲಿಯವರೆಗೆ ದೊರೆಯುವ ಕೆಲವೇ ಮೊಟ್ಟೆಗಳು ಯಾರಿಗೆ ಸಲ್ಲಬೇಕೆಂಬುದನ್ನು ಪತಿಪತ್ನಿಯರಿಬ್ಬರೂ ಕುಳಿತು ನಿರ್ಧರಿಸಿರಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿರುತ್ತದೆ. ಮನೆಯಲ್ಲಿ ಗರ್ಭಿಣಿ, ಬಾಣಂತಿ ಅಥವಾ ಆರು ತಿಂಗಳು ದಾಟಿದ ಕೂಸು ಇದ್ದರೆ ಮೊದಲ ಪಾಲು ಅವರದು. ಚೆನ್ನಾಗಿ ಬೇಯಿಸಿ ಕೊಡಿರಿ. ಸಂತೆಯ ಹಣ ಅನಂತರದ ಮಾತು.

ಬೆಳೆದ ಕೋಳಿಯ ಮೈಶಾಖ ಸುಮಾರು 41 ಡಿಗ್ರಿ. ಗರಿಗಳನ್ನು ಉಬ್ಬಿಸಿಕೊಂಡು ಅದು ನಮ್ಮ ನಾಡಿನ ಚಳಿಯನ್ನು ತಡೆದುಕೊಳ್ಳಬಲ್ಲದು. ಅದಕ್ಕೆ ಕೇಡು ತರುವುದು ತೇವ ಮತ್ತು ಕೆಟ್ಟ ಗಾಳಿ. ಗೂಡಿನ ಸಂದುಗಳನ್ನೆಲ್ಲ ಗೋಣಿತಟ್ಟಿನಿಂದ ಮುಚ್ಚಿದರೆ, ಉಸಿರಿನ ತೇವವೂ ಹಿಕ್ಕೆಯಿಂದೇಳುವ ಅಮೋನಿಯವೂ ಒಳಗೇ ನಿಂತು ಕೋಳಿಗಳಿಗೆ ಕಣ್ಣುರಿ, ಗೊರಗೊರ ಉಸಿರು ಬರುತ್ತವೆ. ಗಾಳಿ ನೇರವಾಗಿ ಬೀಸುವ ಮಗ್ಗುಲಿಗೆ ಮಾತ್ರ ತಟ್ಟು ಕಟ್ಟಿ, ಮೇಲ್ಭಾಗದಲ್ಲಿ ಗಾಳಿಯಾಡಲು ಜಾಗ ಬಿಡಿರಿ. ನೆಲಕ್ಕೆ ಭತ್ತದ ಹೊಟ್ಟನ್ನೋ ಶೇಂಗಾ ಸಿಪ್ಪೆಯನ್ನೋ ಎರಡು ಮೂರು ಅಂಗುಲ ಹರಡಿ, ಒದ್ದೆಯಾದುದನ್ನು ಆಗಿಂದಾಗ್ಗೆ ತೆಗೆಯಿರಿ. ಮುಂಜಾನೆ ಗೂಡಿಗೆ ಮೂಗಿಟ್ಟಾಗ ಘಾಟು ಹೊಡೆದರೆ ಗಾಳಿ ಸಾಲದೆಂದೇ ಅರ್ಥ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಾಣಂತಿ, ಕೂಸು ಮಲಗುವ ಕೋಣೆಯಲ್ಲೇ ಮಂಕರಿಯಡಿ ಕೋಳಿಗಳನ್ನು ಕವುಚಿ, ಪಕ್ಕದಲ್ಲಿ ಕೆಂಡದ ಅಗ್ಗಿಷ್ಟಿಕೆಯಿಟ್ಟು ಕದ ಮುಚ್ಚುವುದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಪ್ರಜ್ಞೆ ತಪ್ಪುತ್ತಾರೆ. ಹೊಗೆ ಕಾಣದಿದ್ದರೂ ಈ ಅನಿಲ ಇರುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಕಂಡೊಡನೆ ಎಲ್ಲರನ್ನೂ ಬಯಲಿಗೆ ಕರೆತಂದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕೋಳಿಗಳ ಜಾಗ ಹಿತ್ತಲು. ಅವುಗಳನ್ನು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದೇ ಮಗುವನ್ನು ಎತ್ತಿಕೊಳ್ಳಬೇಕು.

ಕೋಳಿಗಳಿಗೆ ಶಾಖ ಒದಗಬೇಕಾದುದು ಆಹಾರದಿಂದ. ಗೂಡು ಸೇರುವ ಮುನ್ನ ಒಂದೊಂದು ಹಿಡಿ ಜೋಳವನ್ನೋ ಒಡೆದ ಮೆಕ್ಕೆಜೋಳವನ್ನೋ ಹಾಕಿದರೆ ಅದು ರಾತ್ರಿಯಿಡೀ ಜೀರ್ಣವಾಗುತ್ತ ಮೈ ಬೆಚ್ಚಗಿಡುತ್ತದೆ. ಬೆಳಿಗ್ಗೆ ಹೊಸ ನೀರು ಕೊಡಿರಿ.

ಮರಿಗಳ ಮಾತು ಬೇರೆ. ನಾಟಿ ಹೇಂಟೆ ರೆಕ್ಕೆಯಡಿಯಲ್ಲಿ ಕಾಪಾಡುತ್ತದೆ. ಗಿರಿರಾಜದಂತಹ ತಳಿಯ ಮರಿಗಳನ್ನು ತಾಯಿಯಿಲ್ಲದೆ ತಂದವರು ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಒದಗಿಸಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಹಳೆಯ ತಂತಿಯ ಬಲ್ಬು ಇದಕ್ಕೆ ಸಾಕು; ಎಲ್‌ಇಡಿ ದೀಪದಿಂದ ಬೆಳಕು ಬರುವುದೇ ಹೊರತು ಬೇಕಾದಷ್ಟು ಶಾಖ ಬರುವುದಿಲ್ಲ. ಉಷ್ಣಮಾಪಕವಿಲ್ಲದಿದ್ದರೆ ಮರಿಗಳನ್ನೇ ನೋಡಿರಿ. ದೀಪದಡಿ ಒಂದರ ಮೇಲೊಂದು ಬಿದ್ದು ಚಿಲಿಪಿಲಿಗುಟ್ಟಿದರೆ ಚಳಿ, ದೂರ ಸರಿದು ಕೊಕ್ಕು ತೆರೆದಿದ್ದರೆ ಸೆಕೆ. ಎಲ್ಲೆಡೆ ಹರಡಿ ಆಡುತ್ತಿದ್ದರೆ ಶಾಖ ಸರಿಯಾಗಿದೆ.

ಹಳ್ಳಿಗಳಲ್ಲಿ ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗವು ಬಂದರೆ ಗೂಡಿಗೆ ಗೂಡೇ ಬರಿದಾಗಬಹುದು. ಅದಕ್ಕೆ ಔಷಧವಿಲ್ಲ, ಲಸಿಕೆಯಿದೆ. ಮೊದಲ ವಾರದಲ್ಲಿ ಮರಿಯ ಕಣ್ಣಿಗೆ ಹನಿ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು. ಒಂದು ಸೀಸೆಯ ಲಸಿಕೆ ನೂರಾರು ಕೋಳಿಗಳಿಗೆ ಆಗುತ್ತದೆ. ಕಲಸಿದ ಮೇಲೆ ಸುಮಾರು ಎರಡು ಗಂಟೆಯೊಳಗೆ ಮುಗಿಯಬೇಕು. ಆದುದರಿಂದ ಓಣಿಯ ಮನೆಗಳವರೆಲ್ಲ ಕೂಡಿ ಪಶು ಆಸ್ಪತ್ರೆಯವರೊಡನೆ ದಿನ ಗೊತ್ತುಮಾಡಿಕೊಂಡು, ಅಂದು ಮುಂಜಾನೆ ಕೋಳಿಗಳನ್ನು ಗೂಡಿನಿಂದ ಬಿಡದೆ ಇಟ್ಟುಕೊಳ್ಳಿರಿ.