ಟಾರ್ಕಿನ ದಿಕ್ಕು ಮತ್ತು ಬಲಗೈ ನಿಯಮ

ಟಾರ್ಕ್ ಎಂಬುದು ವಸ್ತುವೊಂದನ್ನು ಅಕ್ಷದ ಸುತ್ತ ತಿರುಗಿಸಲು ಬಲಕ್ಕಿರುವ ಸಾಮರ್ಥ್ಯದ ಅಳತೆ. ಇದು ಸದಿಶ ಪರಿಮಾಣವಾದುದರಿಂದ ಪ್ರಮಾಣದ ಜೊತೆಗೆ ದಿಕ್ಕನ್ನೂ ಹೊಂದಿರುತ್ತದೆ. ಆ ದಿಕ್ಕನ್ನು ಬಲಗೈ ನಿಯಮದಿಂದ ನಿರ್ಧರಿಸಲಾಗುತ್ತದೆ. ‘ಬಲಗೈ’ ಎಂಬಲ್ಲಿನ ‘ಬಲ’ವು ಎಡಕ್ಕೆ ವಿರುದ್ಧವಾದ ಪಕ್ಕವನ್ನು ಸೂಚಿಸುತ್ತದೆಯೇ ಹೊರತು ತಳ್ಳುವ ಅಥವಾ ಎಳೆಯುವ ಬಲವನ್ನಲ್ಲ.

ನಿಯಮದ ಅಗತ್ಯ

ಪ್ರದಕ್ಷಿಣ, ಅಪ್ರದಕ್ಷಿಣ ಎಂಬ ಮಾತುಗಳು ನೋಡುವವರ ಸ್ಥಾನವನ್ನು ಅವಲಂಬಿಸಿವೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಪ್ರದಕ್ಷಿಣೆ ಹಾಕುವವರು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ಸುತ್ತುತ್ತಾರೆ. ನೆಲದಡಿಯಿಂದ ನೋಡಲು ಸಾಧ್ಯವಾಗಿದ್ದರೆ ಅದೇ ಸುತ್ತು ವಿರುದ್ಧವಾಗಿ ಕಾಣುತ್ತಿತ್ತು. ಬಲಗೈ ಬೆರಳುಗಳನ್ನು ಅವರು ನಡೆಯುವ ಕಡೆಗೆ ಮಡಚಿದರೆ ಹೆಬ್ಬೆರಳು ನೆಲದತ್ತ ತೋರುತ್ತದೆ. ಎಲ್ಲಿಂದ ನೋಡಿದರೂ ಈ ಉತ್ತರ ಬದಲಾಗುವುದಿಲ್ಲ.

ವಿಧಾನ

* ಬಲಗೈ ಬೆರಳುಗಳನ್ನು ಅಕ್ಷದಿಂದ ಬಲ ವರ್ತಿಸುವ ಬಿಂದುವಿನ ಕಡೆಗೆ ಚಾಚಬೇಕು.
* ಬೆರಳುಗಳನ್ನು ಬಲದ ದಿಕ್ಕಿಗೆ ಮಡಚಬೇಕು.
* ಆಗ ಹೆಬ್ಬೆರಳು ತೋರುವುದೇ ಟಾರ್ಕಿನ ದಿಕ್ಕು. ಇದು ಸ್ಥಾನ ಸದಿಶ ಮತ್ತು ಬಲ ಎರಡಕ್ಕೂ ಲಂಬವಾಗಿರುತ್ತದೆ.

ಬಲವು ಅಕ್ಷದ ಮೂಲಕವೇ ಹಾದುಹೋದರೆ ಟಾರ್ಕ್ ಶೂನ್ಯ.

ಉದಾಹರಣೆ

ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನಲ್ಲಿ 33 ಕ್ರೆಸ್ಟ್ ಗೇಟುಗಳಿವೆ. ಇಂತಹ ಗೇಟನ್ನು ಎತ್ತುವ ಯಂತ್ರವನ್ನು ಸರಳವಾಗಿ, ಅಡ್ಡಲಾಗಿರುವ ಉರುಳೆ ಮತ್ತು ಅದರಿಂದ ಇಳಿಬಿದ್ದ ಸರಪಳಿ ಎಂದು ಭಾವಿಸಬಹುದು. ಉರುಳೆಯ ಒಂದು ತುದಿಗೆ ಎದುರಾಗಿ ನಿಂತವರಿಗೆ ಸರಪಳಿಯು ಬಲಪಕ್ಕದಲ್ಲಿದ್ದರೆ ಸ್ಥಾನ ಸದಿಶವು ಬಲಕ್ಕೆ, ಗೇಟಿನ ಭಾರವು ಕೆಳಕ್ಕೆ ಇರುತ್ತದೆ. ಹೆಬ್ಬೆರಳು ನೋಡುವವರಿಂದ ದೂರಕ್ಕೆ ತೋರುತ್ತದೆ. ಗೇಟನ್ನು ಎತ್ತುವ ಮೋಟಾರಿನ ಟಾರ್ಕ್ ಇದಕ್ಕೆ ವಿರುದ್ಧವಾಗಿ, ನೋಡುವವರ ಕಡೆಗೆ ಇರಬೇಕು.

ಟಾರ್ಕಿನ ದಿಕ್ಕೂ ತಿರುಗುವಿಕೆಯ ದಿಕ್ಕೂ ಒಂದೇ ಆಗಿರಬೇಕಿಲ್ಲ. ಗೇಟನ್ನು ನಿಧಾನವಾಗಿ ಇಳಿಸುವಾಗ ಉರುಳೆಯು ಹಿಮ್ಮುಖವಾಗಿ ತಿರುಗುತ್ತಿದ್ದರೂ ಬ್ರೇಕಿನ ಟಾರ್ಕ್ ನೋಡುವವರ ಕಡೆಗೇ ಇರುತ್ತದೆ. ಇಲ್ಲವಾದರೆ ಗೇಟು ವೇಗವಾಗಿ ಬೀಳುತ್ತದೆ.

ಉರುಳೆಯ ಟಾರ್ಕನ್ನು ಗೇಟಿಗೆ ತಲುಪಿಸುವುದು ಸರಪಳಿ. 2024ರ ಆಗಸ್ಟ್ 10ರ ರಾತ್ರಿ ಈ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸರಪಳಿ ಕಡಿದ ಮೇಲೆ ಯಂತ್ರದ ಟಾರ್ಕ್ ಎಷ್ಟೇ ಇದ್ದರೂ, ಯಾವ ದಿಕ್ಕಿನಲ್ಲಿದ್ದರೂ ಗೇಟನ್ನು ಹಿಡಿದಿಡಲಾರದು.