ಇಲ್ಲಿ ದಿನಾ ಹಾಜರಿ, ಅಲ್ಲಿ ಮೂರೇ ಚಾನ್ಸ್

ಕಳೆದ ತಿಂಗಳು ರಾತ್ರಿ ಒಂದೂವರೆಗೆ ಫೋನ್ ಬಂತು. ಚಿಕ್ಕಮ್ಮನ ಮಗ. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಮಾಸ್ಟರ್ಸ್ ಮಾಡ್ತಿದ್ದಾನೆ. "ಅಣ್ಣಾ, ಕಂಟ್ರೋಲ್ಸ್ ಮತ್ತೆ ಹೋಯ್ತು" ಅಂದ. ನಾನು ಅರ್ಧ ನಿದ್ದೆಯಲ್ಲಿ, "ಬ್ಯಾಕ್ ತಾನೇ? ಮುಂದಿನ ಸೆಮ್‌ನಲ್ಲಿ ಕ್ಲಿಯರ್ ಮಾಡಿದ್ರಾಯ್ತು ಬಿಡೋ" ಅಂದೆ. ವಿಟಿಯುನಲ್ಲಿ ಓದಿದ ಯಾರ ಬಾಯಲ್ಲಾದರೂ ತಾನಾಗೇ ಬರೋ ಸಮಾಧಾನ ಅದು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ, "ಇನ್ನು ಒಂದೇ ಚಾನ್ಸ್ ಇರೋದು."

ಆ ಒಂದು ವಾಕ್ಯ ಅರ್ಥವಾಗಬೇಕಾದರೆ ಎರಡೂ ಕಡೆಯ ವಿದ್ಯಾರ್ಥಿ ಜೀವನ ಹೇಗೆ ನಡೆಯುತ್ತೆ ಅನ್ನೋದು ಗೊತ್ತಿರಬೇಕು. ರೀಲ್ಸ್‌ಗಳಲ್ಲಿ ಕಾಣೋದು ಹಿಮ, ಕೋಟೆ, ಸೈಕಲ್, ಜತೆಗೆ "ಜರ್ಮನಿಯಲ್ಲಿ ಓದು ಫ್ರೀ" ಅನ್ನೋ ಮಾತು. ಫ್ರೀ ಅನ್ನೋದೂ ಪೂರ್ತಿ ನಿಜ ಅಲ್ಲ. ಬಾಡೆನ್-ವುರ್ಟೆಂಬರ್ಗ್ 2017ರಿಂದಲೇ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ತಗೊಳ್ತಿದೆ. ಬಹುತೇಕ ಬೇರೆ ರಾಜ್ಯಗಳ ಸರ್ಕಾರಿ ವಿವಿಗಳಲ್ಲಿ ಶುಲ್ಕ ಇಲ್ಲ, ಸರಿ. ಆದರೆ ಎಲ್ಲೇ ಹೋದರೂ ಒಂದು ವರ್ಷದ ಖರ್ಚಿಗೆ ಹಣ ಇದೆ ಅಂತ ವೀಸಾಗೆ ಮೊದಲೇ ತೋರಿಸಬೇಕು. ಹೆಚ್ಚಿನವರು ಬ್ಲಾಕ್ಡ್ ಅಕೌಂಟಿನಲ್ಲಿ ಇಡುತ್ತಾರೆ. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೋ. ಯೂರೋಗೆ ನೂರು ರೂಪಾಯಿ ಅಂತ ಹಿಡಿದರೂ ಹತ್ತಿರ ಹತ್ತಿರ 12 ಲಕ್ಷ. ಚಿಕ್ಕಪ್ಪ ಚನ್ನರಾಯಪಟ್ಟಣದ ಸೈಟಿನ ಪತ್ರ ಬ್ಯಾಂಕಿನಲ್ಲಿಟ್ಟಿದ್ದು ಇದಕ್ಕೇ.

ಮೊದಲು ನಮ್ಮ ಕಡೆ ನೋಡೋಣ. ವಿಟಿಯು ನಿಯಮದ ಪ್ರಕಾರ ಪ್ರತಿ ವಿಷಯಕ್ಕೆ ಶೇ 85 ಹಾಜರಿ ಬೇಕು. ತಕ್ಕ ಕಾರಣ ಇದ್ದರೆ ಶೇ 10ರಷ್ಟು ವಿನಾಯಿತಿ. ನಾನು ಓದುವಾಗ ಇಂಟರ್ನಲ್ಸಿಗೆ 25 ಅಂಕ ಇತ್ತು, 2022ರ ಸ್ಕೀಮಿನಲ್ಲಿ ಅದು ಕೊನೇ ಪರೀಕ್ಷೆಗೆ ಸಮನಾಗಿ 50 ಆಗಿದೆ. ಅಂದರೆ ಲೆಕ್ಚರರ್ ಕೈಯಲ್ಲಿ ಅರ್ಧ ಅಂಕ. ಅಸೈನ್‌ಮೆಂಟ್, ರೆಕಾರ್ಡ್ ಪುಸ್ತಕ, ಅದರ ಮೇಲೆ ಸಹಿ, ಹಾಜರಿ ಕಮ್ಮಿಯಾದರೆ ಮನೆಗೆ ಫೋನ್. ನನಗೆ ಐದನೇ ಸೆಮ್‌ನಲ್ಲಿ ಶಾರ್ಟೇಜ್ ಬಂದಾಗ ಅಪ್ಪ ಊರಿಂದ ಬಸ್ಸಲ್ಲಿ ಬಂದು ಎಚ್‌ಒಡಿ ಕೊಠಡಿ ಮುಂದೆ ಒಂದು ಗಂಟೆ ನಿಂತಿದ್ದರು. ಆಗ ನನಗೆ ಇಪ್ಪತ್ತು ವರ್ಷ. ವೋಟು ಹಾಕಬಹುದಿತ್ತು, ಆದರೆ ಕ್ಲಾಸ್ ತಪ್ಪಿಸಿದ್ದಕ್ಕೆ ಅಪ್ಪನ ಸಹಿ ಬೇಕಿತ್ತು.

ಇಷ್ಟು ಬಿಗಿ ಮಾಡುವ ವ್ಯವಸ್ಥೆ ಪರೀಕ್ಷೆ ಹತ್ತಿರ ಬಂದ ಕೂಡಲೇ ಕರಗುತ್ತೆ. ಐದು ಮಾಡ್ಯೂಲ್, ಪ್ರತಿಯೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು. ಹಳೇ ಪ್ರಶ್ನೆಪತ್ರಿಕೆ, ಸೀನಿಯರ್ ಕೊಟ್ಟ ಜೆರಾಕ್ಸ್, "ಪಾಸಿಂಗ್ ಪ್ಯಾಕೇಜ್" ಇದ್ದರೆ ಮೂರು ರಾತ್ರಿಯಲ್ಲಿ ಒಂದು ಸಬ್ಜೆಕ್ಟ್ ದಾಟಬಹುದು. ದಾಟದಿದ್ದರೂ ಪ್ರಪಂಚ ಮುಳುಗಲ್ಲ. ಬ್ಯಾಕ್ ಬರುತ್ತೆ, ಮತ್ತೆ ಬರೀತಾರೆ. ತುಂಬಾ ಉಳಿದುಕೊಂಡರೆ ಇಯರ್ ಬ್ಯಾಕ್. ನಾಲ್ಕು ವರ್ಷದ ಪದವಿ ಮುಗಿಸೋಕೆ ಎಂಟು ವರ್ಷದವರೆಗೆ ಅವಕಾಶ ಇದೆ.

ಯಾಕೆ ಹೀಗೆ? ಹುಡುಗರು ಸೋಮಾರಿಗಳು, ಮೇಷ್ಟ್ರುಗಳು ಸರಿಯಿಲ್ಲ ಅನ್ನೋದು ಸುಲಭದ ಉತ್ತರ. ನನ್ನ ಪ್ರಕಾರ ಬೇರು ಇರೋದು ಅಫಿಲಿಯೇಷನ್‌ನಲ್ಲಿ. 1998ರಲ್ಲಿ ಶುರುವಾದ ವಿಟಿಯು ಕೆಳಗೆ ಇನ್ನೂರರಷ್ಟು ಕಾಲೇಜುಗಳಿವೆ. ಅಟಾನಮಸ್ ಕಾಲೇಜುಗಳನ್ನು ಬಿಟ್ಟರೆ ಬೀದರ್‌ನ ಹುಡುಗಿಗೂ ಬೆಂಗಳೂರಿನ ಹುಡುಗನಿಗೂ ಒಂದೇ ಸಿಲಬಸ್, ಒಂದೇ ಪ್ರಶ್ನೆಪತ್ರಿಕೆ. ಪಾಠ ಮಾಡಿದವರು ಒಬ್ಬರು, ಪ್ರಶ್ನೆ ತೆಗೆದವರು ಇನ್ನೊಬ್ಬರು, ತಿದ್ದೋರು ಮತ್ತೊಬ್ಬರು. ಅಷ್ಟು ಕಡೆ ಒಂದೇ ಪೇಪರ್ ನ್ಯಾಯವಾಗಿ ನಡೀಬೇಕಂದ್ರೆ ಅದು ಸಿಲಬಸ್ ಗೆರೆ ದಾಟಬಾರದು. ಗೆರೆ ದಾಟದ ಪೇಪರನ್ನು ಊಹಿಸಬಹುದು. ಊಹಿಸೋಕೆ ಆಗೋದಾದರೆ ಕ್ಲಾಸಿಗೆ ಯಾರು ಬರ್ತಾರೆ? ಅದಕ್ಕೇ ಹಾಜರಿ ಪುಸ್ತಕ ಅಷ್ಟು ದಪ್ಪ.

ಜರ್ಮನಿಯಲ್ಲಿ ಪಾಠ ಮಾಡಿದ ಪ್ರೊಫೆಸರೇ ಪ್ರಶ್ನೆ ತೆಗೀತಾರೆ, ತಿದ್ದೋದು ಅವರು ಅಥವಾ ಅವರ ಸಹಾಯಕರು. ಬಹುತೇಕ ಲೆಕ್ಚರುಗಳಿಗೆ ಹಾಜರಿಯೇ ಇಲ್ಲ. ಎಷ್ಟೋ ಕಡೆ ಹತ್ತು ಗಂಟೆ ಕ್ಲಾಸ್ ಅಂದರೆ ಶುರುವಾಗೋದು ಹತ್ತೂಕಾಲಿಗೆ, ಅದಕ್ಕೆ ಅಕಾಡೆಮಿಕ್ ಕ್ವಾರ್ಟರ್ ಅಂತ ಹೆಸರೇ ಇದೆ. ಪಾಠ ಮುಗಿದಾಗ ಎಲ್ಲರೂ ಬೆರಳ ಗೆಣ್ಣಿಂದ ಡೆಸ್ಕ್ ಕುಟ್ಟುತ್ತಾರೆ, ಅದು ಅಲ್ಲಿನ ಚಪ್ಪಾಳೆ. ಮೊದಲ ದಿನ ಗಲಾಟೆ ಶುರುವಾಯ್ತು ಅಂದುಕೊಂಡನಂತೆ ನಮ್ಮ ಹುಡುಗ.

ಇಷ್ಟರವರೆಗೆ ಚೆನ್ನಾಗೇ ಇದೆ. ತೊಡಕು ಇರೋದು ಪರೀಕ್ಷೆಯಲ್ಲಿ. ಯಾವ ಸೆಮಿಸ್ಟರಿನಲ್ಲಿ ಯಾವ ವಿಷಯ ಬರೀಬೇಕು ಅಂತ ನೀವೇ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ತಯಾರಿ ಆಗಿಲ್ಲ ಅಂದರೆ ಗಡುವಿನೊಳಗೆ ಹಿಂದೆ ತಗೋಬಹುದು. ಮರೆತು ಸುಮ್ಮನೆ ಹೋಗದೇ ಇದ್ದರೆ, ವೈದ್ಯರ ಸರ್ಟಿಫಿಕೇಟ್ ಕೊಡದಿದ್ದರೆ, ನೇರ 5.0. ಅಲ್ಲಿ 1.0 ಅತ್ಯುತ್ತಮ, 4.0 ಕನಿಷ್ಠ ಪಾಸು, 5.0 ಅಂದರೆ ಫೇಲು. ಬಹಳಷ್ಟು ವಿವಿಗಳಲ್ಲಿ ಒಂದು ವಿಷಯಕ್ಕೆ ಮೂರು ಪ್ರಯತ್ನ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ದಾಖಲಾತಿ ರದ್ದು, ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿವಿಯಲ್ಲೂ ಮುಂದುವರಿಸೋಕೆ ಆಗಲ್ಲ. ವಾಸದ ಪರವಾನಗಿ ಓದಿಗೆ ಕಟ್ಟಿಕೊಂಡಿರುತ್ತೆ, ಅದೂ ಅಲುಗಾಡುತ್ತೆ.

ನಮ್ಮ ಹುಡುಗ ಮೊದಲ ಪ್ರಯತ್ನ ಕಳೆದುಕೊಂಡಿದ್ದು ಹೀಗೇ. ಗೋಡೌನ್ ಕೆಲಸಕ್ಕೆ ಹೋಗ್ತಿದ್ದ. ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ದುಡೀಬಹುದು, ತಪ್ಪೇನಲ್ಲ. ಪರೀಕ್ಷೆಗೆ ಓದಿರಲಿಲ್ಲ. "ಮುಂದಿನ ಸಲ ಬರೆದರಾಯ್ತು" ಅಂತ ಹೋಗಲಿಲ್ಲ, ಹೆಸರೂ ವಾಪಸ್ ತಗೊಳ್ಳಲಿಲ್ಲ. ಎರಡನೇ ಸಲ ಓದಿದ್ದ, ಆದರೆ ಇಲ್ಲಿ ಓದಿದ ಹಾಗೇ. ಇದೇ ಕಂಟ್ರೋಲ್ ಇಂಜಿನಿಯರಿಂಗ್‌ನಲ್ಲಿ ಅವನಿಗೆ ಇಲ್ಲಿ ಎಂಬತ್ತರ ಮೇಲೆ ಬಂದಿತ್ತು! ಅಲ್ಲಿ ಚಾಯ್ಸ್ ಇರಲಿಲ್ಲ, ಎಲ್ಲಾ ಪ್ರಶ್ನೆ ಬರೀಬೇಕು. ಕೈಯಲ್ಲಿ ಬರೆದ ಒಂದು ಎ4 ಹಾಳೆ ಒಳಗೆ ತಗೊಂಡು ಹೋಗಬಹುದಿತ್ತು. ಇಲ್ಲಿ ಅದನ್ನೇ ಮಾಡಿದ್ದರೆ ಮಾಲ್‌ಪ್ರಾಕ್ಟೀಸ್ ಕೇಸ್ ಆಗಿರೋದು. ಸೂತ್ರವೆಲ್ಲ ಹಾಳೆ ಮೇಲಿದ್ದರೂ ಯಾವುದನ್ನು ಎಲ್ಲಿ ಹಾಕಬೇಕು ಅನ್ನೋದು ಹೊಳೀಲಿಲ್ಲ ಅಂದ.

ಜರ್ಮನಿಯೇ ಮೇಲು ಅಂತ ನಾನು ಹೇಳಲ್ಲ. ಮೂರನೇ ಸೋಲಿಗೆ ಬಾಗಿಲು ಹಾಕೋದು ಕ್ರೂರ ಅಂತಲೇ ಅನಿಸುತ್ತೆ. ಬ್ಯಾಕ್ ಮೇಲೆ ಬ್ಯಾಕ್ ಇದ್ದ ನನ್ನ ಇಬ್ಬರು ಕ್ಲಾಸ್‌ಮೇಟ್ಸ್ ಇವತ್ತು ಒಳ್ಳೇ ಇಂಜಿನಿಯರುಗಳು, ಅಲ್ಲಿದ್ದಿದ್ದರೆ ಪದವಿಯೇ ಇರುತ್ತಿರಲಿಲ್ಲ. ಇನ್ನೊಂದು ವಿಷಯ ಯಾವ ಬ್ರೋಶರ್‌ನಲ್ಲೂ ಇರಲ್ಲ. ಇಲ್ಲಿ ಅರವತ್ತು ಜನರ ಒಂದು ಸೆಕ್ಷನ್, ನಾಲ್ಕು ವರ್ಷ ಅದೇ ಬೆಂಚು, ನೀವು ಎರಡು ದಿನ ಬರದಿದ್ದರೆ "ಎಲ್ಲೋ ಸತ್ತೆ?" ಅಂತ ಯಾರಾದರೂ ಮೆಸೇಜ್ ಹಾಕ್ತಾರೆ. ಅಲ್ಲಿ ಟೈಮ್‌ಟೇಬಲ್ ಒಬ್ಬೊಬ್ಬರದು ಒಂದೊಂದು, ಸೆಕ್ಷನ್ ಅನ್ನೋದೇ ಇಲ್ಲ. ಅವನು ಮೂರು ವಾರ ಕ್ಲಾಸಿಗೆ ಹೋಗದೇ ಇದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

ಆದರೆ ಒಂದನ್ನು ನಾವು ನಾಳೆಯೇ ತರಬಹುದು. ಅಲ್ಲಿ ರಿಸಲ್ಟ್ ಬಂದ ಮೇಲೆ ಒಂದು ದಿನ ಗೊತ್ತುಮಾಡಿ ಉತ್ತರಪತ್ರಿಕೆ ತೋರಿಸ್ತಾರೆ. ಐನ್‌ಜಿಷ್ಟ್ ಅಂತಾರೆ. ತಿದ್ದಿದವರು ಎದುರಿಗೇ ಇರ್ತಾರೆ, ಯಾಕೆ ಅಂಕ ಹೋಯ್ತು ಅಂತ ಕೇಳಬಹುದು. ನಮ್ಮಲ್ಲಿ ದುಡ್ಡು ಕಟ್ಟಿ ಫೋಟೊಕಾಪಿ ತರಿಸಿ, ಮತ್ತೆ ದುಡ್ಡು ಕಟ್ಟಿ ರೀವ್ಯಾಲ್ಯುಯೇಷನ್‌ಗೆ ಹಾಕಬೇಕು. ಎಂಟು ಸೆಮಿಸ್ಟರಿನಲ್ಲಿ ನಾನು ಬರೆದ ಒಂದೇ ಒಂದು ಉತ್ತರಪತ್ರಿಕೆಯನ್ನೂ ಮತ್ತೆ ನೋಡಲಿಲ್ಲ. ಎಲ್ಲಿ ತಪ್ಪಿದೆ ಅನ್ನೋದು ಇವತ್ತಿಗೂ ಗೊತ್ತಿಲ್ಲ.

ಹೋದ ವಾರ ಅವನು ಐನ್‌ಜಿಷ್ಟ್‌ಗೆ ಹೋಗಿದ್ದ. ಮೊದಲ ಪ್ರಶ್ನೆಯಲ್ಲೇ ಸಮೀಕರಣ ತಪ್ಪಾಗಿ ಬರೆದುಕೊಂಡು, ಮುಂದಿನ ಮೂರು ಪುಟ ಸರಿಯಾಗೇ ಲೆಕ್ಕ ಮಾಡಿದ್ದನಂತೆ. ತಿದ್ದಿದ ಸಹಾಯಕಿ ಅರ್ಧ ಗಂಟೆ ಕೂತು ತೋರಿಸಿದರಂತೆ. ಒಂದು ಇರಾನಿ ಹುಡುಗ, ಒಂದು ಪುಣೆಯ ಹುಡುಗಿ ಜತೆ ಸೇರಿ ಈಗ ವಾರಕ್ಕೆ ಎರಡು ದಿನ ಲೈಬ್ರರಿಯಲ್ಲಿ ಓದ್ತಿದ್ದಾನೆ. ಗೋಡೌನ್ ಕೆಲಸ ಬಿಟ್ಟಿದ್ದಾನೆ, ಅಷ್ಟರಮಟ್ಟಿಗೆ ಕೈ ಬಿಗಿಯಾಗಿದೆ.

"ಅಮ್ಮಂಗೆ ಹೇಳ್ಬೇಡ ಅಣ್ಣ" ಅಂದಿದ್ದ ಆ ರಾತ್ರಿ. ನಾನು ಹೇಳಲಿಲ್ಲ, ನೀನೇ ಹೇಳು ಅಂದೆ. ಭಾನುವಾರ ಹೇಳಿದನಂತೆ. ಚಿಕ್ಕಪ್ಪ ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಹೋಗಿ ಎಚ್‌ಒಡಿ ಹತ್ರ ಮಾತಾಡೋಕಾಗಲ್ವೇನಪ್ಪಾ?"